ತಪ್ಪು ಯಾವ ತೂಕದ್ದು? ನರಜಾಲ ಸಂಶೋಧನೆಯ ಎಂಟು ದಶಕ

ನರಜಾಲಗಳ ಚರಿತ್ರೆಯನ್ನು ಸಾಮಾನ್ಯವಾಗಿ ಏಳುಬೀಳಿನ ಕಥೆಯಾಗಿ ಹೇಳುತ್ತಾರೆ. ಐವತ್ತರ ದಶಕದಲ್ಲಿ ಭರವಸೆ, ಎಪ್ಪತ್ತರಲ್ಲಿ ಬರಗಾಲ, ಎಂಬತ್ತರಲ್ಲಿ ಮತ್ತೆ ಚಿಗುರು, ಆಮೇಲೆ ಇನ್ನೊಂದು ಸುತ್ತು ಬಾಡಿ 2012ರಲ್ಲಿ ಹಬ್ಬ. ಕೇಳಲು ಸೊಗಸಾಗಿದೆ. ಆದರೆ ಹಣ ಯಾವಾಗ ಬಂತು, ಯಾವಾಗ ನಿಂತಿತು ಎಂಬುದಕ್ಕಿಂತ ಹೆಚ್ಚೇನನ್ನೂ ಅದು ತಿಳಿಸುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ಬೇರೊಂದು ಎಳೆ ಹಿಡಿದು ಹೋಗುತ್ತೇನೆ. ಜಾಲ ಒಂದು ತಪ್ಪು ಉತ್ತರ ಕೊಟ್ಟಿದೆ ಎಂದುಕೊಳ್ಳಿ. ಅದರೊಳಗೆ ಸಾವಿರಾರು ತೂಕಗಳಿವೆ, ಅಂದರೆ ಒಂದು ಘಟಕದ ಮಾತನ್ನು ಮುಂದಿನ ಘಟಕ ಎಷ್ಟು ಕಿವಿಗೊಟ್ಟು ಕೇಳಬೇಕು ಎಂದು ನಿರ್ಧರಿಸುವ ಸಂಖ್ಯೆಗಳು. ಈ ತಪ್ಪಿಗೆ ಯಾವ ತೂಕ ಎಷ್ಟು ಹೊಣೆ? ಕಟ್ಟಡ ಕುಸಿದಾಗ ನಕ್ಷೆ ಬರೆದವರು, ಮೇಸ್ತ್ರಿ, ಸಿಮೆಂಟು ಕಲಸಿದವರು ಇವರೊಳಗೆ ಹೊಣೆ ಹಂಚುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ. ನನ್ನ ಪ್ರಕಾರ ಎಂಬತ್ತು ವರ್ಷದ ಈ ಸಂಶೋಧನೆಯ ಮುಖ್ಯ ತಿರುವುಗಳೆಲ್ಲ ಈ ಒಂದೇ ಲೆಕ್ಕದ ಸುತ್ತ ಬಂದವು.

1943ರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆ ವರ್ಷ ವಾರೆನ್ ಮೆಕಲಕ್ ಎಂಬ ನರವಿಜ್ಞಾನಿಯೂ ವಾಲ್ಟರ್ ಪಿಟ್ಸ್ ಎಂಬ, ಆಗಿನ್ನೂ ಇಪ್ಪತ್ತು ತುಂಬಿದ್ದ ತರ್ಕಶಾಸ್ತ್ರದ ಹುಡುಗನೂ ಸೇರಿ ನರಕೋಶದ ಒಂದು ಗಣಿತ ಮಾದರಿ ಪ್ರಕಟಿಸಿದರು. ಒಳಬರುವ ಸಂಕೇತ 0 ಅಥವಾ 1. ಎಲ್ಲವನ್ನೂ ಕೂಡಬೇಕು, ಮೊತ್ತ ಹೊಸ್ತಿಲು ಮುಟ್ಟಿದರೆ ಹೊರಗೆ 1, ಇಲ್ಲದಿದ್ದರೆ 0. ತಡೆಯುವ ಸಂಕೇತ ಒಂದೇ ಒಂದು ಬಂದರೂ ಕೋಶ ಸುಮ್ಮನಿರುತ್ತದೆ. ಎರಡು ಸಂಕೇತಗಳಿಗೆ ಹೊಸ್ತಿಲು 2 ಇಟ್ಟರೆ 'ಎರಡೂ ಇದ್ದರೆ ಮಾತ್ರ' ಎಂಬ ತರ್ಕ, 1 ಇಟ್ಟರೆ 'ಯಾವುದಾದರೊಂದು ಇದ್ದರೆ ಸಾಕು' ಎಂಬ ತರ್ಕ. ಇಂಥ ಕೋಶಗಳನ್ನು ಜೋಡಿಸಿ ಬೇಕಾದ ತರ್ಕವಾಕ್ಯವನ್ನು ಕಟ್ಟಬಹುದು ಎಂದು ಅವರು ತೋರಿಸಿದರು. ಆದರೆ ಕಟ್ಟುವವರು ನಾವು. ಜಾಲ ತಾನಾಗಿ ಏನನ್ನೂ ಕಲಿಯುತ್ತಿರಲಿಲ್ಲ.

ಕಲಿಕೆಯ ಮಾತು ತೆಗೆದವರು ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್, 1949ರಲ್ಲಿ. ಒಂದು ಕೋಶ ಮತ್ತೆಮತ್ತೆ ಇನ್ನೊಂದನ್ನು ಎಚ್ಚರಿಸಲು ನೆರವಾದರೆ ಅವೆರಡರ ನಡುವಿನ ಕೊಂಡಿ ಗಟ್ಟಿಯಾಗುತ್ತದೆ ಎಂದರು. ಇಲ್ಲಿ ಗಮನಿಸಿ, ಹೆಬ್ ನಿಯಮದಲ್ಲಿ ಸರಿ, ತಪ್ಪು ಎಂಬುದೇ ಇಲ್ಲ. ಜೊತೆಗೂಡಿ ನಡೆದದ್ದು ಗಟ್ಟಿಯಾಗುತ್ತದೆ, ಅಷ್ಟೇ. ಹೊಣೆ ಹಂಚಲು ಮೊದಲು ತಪ್ಪನ್ನು ಅಳೆಯುವ ಒಬ್ಬ ಶಿಕ್ಷಕ ಬೇಕು.

ಆ ಶಿಕ್ಷಕನನ್ನು ತಂದವರು ಕಾರ್ನೆಲ್ ವೈಮಾನಿಕ ಪ್ರಯೋಗಾಲಯದ ಫ್ರಾಂಕ್ ರೋಸೆನ್‌ಬ್ಲಾಟ್. ಅವರ ಪರ್ಸೆಪ್ಟ್ರಾನ್ 1958ರಲ್ಲಿ ಐಬಿಎಂ 704 ಕಂಪ್ಯೂಟರಿನ ಮೇಲೆ ಪ್ರದರ್ಶನ ಕಂಡಿತು. ಆಮೇಲೆ ಮಾರ್ಕ್ 1 ಎಂಬ ನಿಜವಾದ ಯಂತ್ರವಾಯಿತು. ಇಪ್ಪತ್ತು ಸಾಲು, ಇಪ್ಪತ್ತು ಕಂಬದಲ್ಲಿ ಜೋಡಿಸಿದ 400 ಬೆಳಕುಕೋಶಗಳು ಅದರ ಕಣ್ಣು. ಅಲ್ಲಿಂದ ತಂತಿಗಳು 512 ನಡುವಣ ಘಟಕಗಳಿಗೆ, ಅಲ್ಲಿಂದ 8 ಉತ್ತರ ಘಟಕಗಳಿಗೆ. ತೂಕಗಳು ಕಾಗದದ ಮೇಲಿನ ಸಂಖ್ಯೆಗಳಾಗಿರಲಿಲ್ಲ. ರೇಡಿಯೋದ ವಾಲ್ಯೂಮ್ ಗುಂಡಿಯಲ್ಲಿರುವಂಥ ಪೊಟೆನ್ಶಿಯೋಮೀಟರುಗಳು ಅವು. ಯಂತ್ರ ಕಲಿಯುವಾಗ ವಿದ್ಯುತ್ ಮೋಟಾರುಗಳು ಅವನ್ನು ತಿರುಗಿಸುತ್ತಿದ್ದವು.

ಕಲಿಕೆಯ ನಿಯಮ ಮೂರೇ ಸಾಲು. ಉತ್ತರ ಸರಿಯಿದ್ದರೆ ಏನೂ ಮುಟ್ಟಬೇಡಿ. 1 ಬರಬೇಕಿದ್ದಲ್ಲಿ 0 ಬಂದರೆ, ಆ ಕ್ಷಣ ಉರಿಯುತ್ತಿದ್ದ ಘಟಕಗಳ ತೂಕವನ್ನು ಅಷ್ಟಷ್ಟು ಏರಿಸಿ. 0 ಬರಬೇಕಿದ್ದಲ್ಲಿ 1 ಬಂದರೆ ಅವೇ ತೂಕಗಳನ್ನು ಇಳಿಸಿ. ಹೊಣೆ ಹಂಚಿಕೆ ಎಷ್ಟು ಸರಳ ನೋಡಿ: ಆ ಹೊತ್ತಿನಲ್ಲಿ ಮಾತಾಡಿದವರಷ್ಟೇ ಹೊಣೆ, ಸುಮ್ಮನಿದ್ದವರಿಗೆ ಶಿಕ್ಷೆಯಿಲ್ಲ. ಎರಡು ಗುಂಪಿನ ಮಾದರಿಗಳನ್ನು ಒಂದು ಸರಳರೇಖೆ ಬೇರ್ಪಡಿಸುವಂತಿದ್ದರೆ, ಸೀಮಿತ ಸಂಖ್ಯೆಯ ತಪ್ಪುಗಳ ನಂತರ ಈ ನಿಯಮ ಅಂಥ ರೇಖೆಯನ್ನು ಹುಡುಕಿಯೇ ತೀರುತ್ತದೆ ಎಂಬ ಅಚ್ಚುಕಟ್ಟಾದ ಸಾಧನೆಯನ್ನು 1962ರಲ್ಲಿ ಆಲ್ಬರ್ಟ್ ನೊವಿಕಾಫ್ ಕೊಟ್ಟರು. ಆಯಾಮ ಹೆಚ್ಚಿದರೆ ರೇಖೆಯ ಬದಲು ಸಮತಲ. ಬೇರ್ಪಡಿಸುವ ರೇಖೆಯೇ ಇಲ್ಲದಿದ್ದರೆ? ತೂಕಗಳು ಎಂದಿಗೂ ನಿಲ್ಲುವುದಿಲ್ಲ, ಒಂದು ಮಾದರಿಯನ್ನು ಸರಿಪಡಿಸುತ್ತ ಇನ್ನೊಂದನ್ನು ಕೆಡಿಸುತ್ತ ಸುತ್ತುತ್ತಲೇ ಇರುತ್ತವೆ. ಇಂದೂ ಈ ನಿಯಮ ಬಳಸುವವರು ಕೊನೆಯ ತೂಕಗಳನ್ನು ನಂಬದೆ ಓಟದುದ್ದಕ್ಕೂ ಬಂದ ತೂಕಗಳ ಸರಾಸರಿ ತೆಗೆದಿಟ್ಟುಕೊಳ್ಳುವುದು ಇದಕ್ಕೇ.

ಇಲ್ಲೊಂದು ಪಕ್ಕದ ಮಾತು. 1960ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬರ್ನಾರ್ಡ್ ವಿಡ್ರೊ ಮತ್ತು ಟೆಡ್ ಹಾಫ್ ಅಡಲೈನ್ ಎಂಬ ಇದೇ ಬಗೆಯ ಯಂತ್ರ ಮಾಡಿದರು. ವ್ಯತ್ಯಾಸ ಸಣ್ಣದು, ಆದರೆ ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ರೋಸೆನ್‌ಬ್ಲಾಟ್ ತಪ್ಪನ್ನು ಹೊಸ್ತಿಲು ದಾಟಿದ ಮೇಲೆ ಅಳೆದರು, ಆದ್ದರಿಂದ ಅದು ಹೌದು ಅಥವಾ ಅಲ್ಲ. ವಿಡ್ರೊ, ಹಾಫ್ ಹೊಸ್ತಿಲಿಗೆ ಮೊದಲೇ, ಮೊತ್ತದಲ್ಲೇ ಅಳೆದರು. ಆದ್ದರಿಂದ 'ಎಷ್ಟು ತಪ್ಪು' ಎಂಬುದಕ್ಕೆ ಅಂಕಿ ಸಿಕ್ಕಿತು. ತಪ್ಪಿನ ವರ್ಗ ಯಾವ ದಿಕ್ಕಿನಲ್ಲಿ ಇಳಿಯುತ್ತದೋ ಆ ದಿಕ್ಕಿಗೆ ತೂಕವನ್ನು ಸ್ವಲ್ಪ ಸರಿಸುವುದು ಅವರ ನಿಯಮ. ದೂರವಾಣಿ ತಂತಿಗಳಲ್ಲಿ ಪ್ರತಿಧ್ವನಿ ಅಳಿಸುವ ಫಿಲ್ಟರುಗಳಿಗೆ ಅದು ಹೋಗಿ ಸೇರಿತು. ಅತ್ತ ಪರ್ಸೆಪ್ಟ್ರಾನ್ ಬಗ್ಗೆ ಪತ್ರಿಕೆಗಳು ನಡೆದಾಡುವ, ಮಾತಾಡುವ, ತನ್ನನ್ನೇ ಮರುಸೃಷ್ಟಿಸುವ ಯಂತ್ರ ಬರುತ್ತಿದೆ ಎಂದು ಬರೆಯುತ್ತಿದ್ದವು.

1969ರಲ್ಲಿ ಮಾರ್ವಿನ್ ಮಿನ್ಸ್ಕಿ ಮತ್ತು ಸೀಮೋರ್ ಪೇಪರ್ಟ್ ಪರ್ಸೆಪ್ಟ್ರಾನ್ ಕುರಿತು ಬರೆದ ಪುಸ್ತಕ ಬಂತು. ಅದರ ಸಾರವೆಂದು ಎಲ್ಲರೂ ಹೇಳುವ ಉದಾಹರಣೆಯನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಎರಡು ನಿಮಿಷ ಸಾಕು. ಎರಡು ಸಂಕೇತಗಳಲ್ಲಿ ಒಂದು ಮಾತ್ರ ಉರಿದಾಗ ಉತ್ತರ 1 ಬರಬೇಕು. ಎರಡೂ ಉರಿದರೆ ಅಥವಾ ಎರಡೂ ಆರಿದ್ದರೆ 0. ಮೊದಲ ಸಂಕೇತದ ತೂಕ ಕ, ಎರಡನೆಯದರದ್ದು ಖ, ಹೊಸ್ತಿಲು ಹ ಎನ್ನಿ. ಎರಡೂ ಆರಿದ್ದಾಗ ಮೊತ್ತ 0, ಉತ್ತರವೂ 0 ಆಗಬೇಕಾದರೆ ಹ ಸೊನ್ನೆಗಿಂತ ದೊಡ್ಡದಿರಬೇಕು. ಮೊದಲನೆಯದೊಂದೇ ಉರಿದಾಗ 1 ಬರಬೇಕಾದರೆ ಕ ಕನಿಷ್ಠ ಹ ಆದರೂ ಇರಬೇಕು. ಖ ಕೂಡ ಹಾಗೆಯೇ. ಹಾಗಾದರೆ ಕ ಮತ್ತು ಖ ಕೂಡಿದರೆ ಕನಿಷ್ಠ ಎರಡು ಹ. ಆದರೆ ಎರಡೂ ಉರಿದಾಗ 0 ಬರಬೇಕಾದರೆ ಆ ಮೊತ್ತ ಹ ಗಿಂತ ಕಡಿಮೆ ಇರಬೇಕು. ಹ ಸೊನ್ನೆಗಿಂತ ದೊಡ್ಡದಾಗಿದ್ದು ಇವೆರಡೂ ಒಟ್ಟಿಗೆ ನಿಜವಾಗಲಾರವು. ಕಥೆ ಮುಗಿಯಿತು.

ಮುಗಿಯಿತೇ? ನಡುವೆ ಎರಡು ಘಟಕ ಇಡಿ. ಒಂದಕ್ಕೆ ಹೊಸ್ತಿಲು 1, ಇನ್ನೊಂದಕ್ಕೆ 2. ಉತ್ತರ ಘಟಕಕ್ಕೆ ಮೊದಲನೆಯದರಿಂದ +1, ಎರಡನೆಯದರಿಂದ -1 ತೂಕ, ಹೊಸ್ತಿಲು 1. ಸಮಸ್ಯೆ ಬಗೆಹರಿಯಿತು. ಈ ಪರಿಹಾರ ಹೊಸದೂ ಅಲ್ಲ, 1943ರ ಪ್ರಬಂಧದಿಂದಲೇ ಇಂಥ ಜಾಲವನ್ನು ಕೈಯಿಂದ ಕಟ್ಟಬಹುದಿತ್ತು. ಮಿನ್ಸ್ಕಿ, ಪೇಪರ್ಟ್ ಅವರಿಗೂ ಇದು ಚೆನ್ನಾಗಿ ಗೊತ್ತಿತ್ತು. ಅವರ ಪ್ರಮೇಯಗಳ ನಿಜವಾದ ಗುರಿ ಇದಕ್ಕಿಂತ ದೊಡ್ಡದು: ಚಿತ್ರವೊಂದು ಒಂದೇ ತುಂಡೇ, ಉರಿಯುವ ಚುಕ್ಕೆಗಳ ಸಂಖ್ಯೆ ಸಮವೇ ಬೆಸವೇ ಎಂಬಂಥ ಪ್ರಶ್ನೆಗಳಿಗೆ, ಚಿತ್ರದ ಚಿಕ್ಕ ಚಿಕ್ಕ ಭಾಗಗಳನ್ನಷ್ಟೇ ನೋಡಿ ತೂಗುವ ಯಂತ್ರ ಉತ್ತರಿಸಲಾರದು ಎಂಬುದು. ಹೆಚ್ಚು ಪದರಗಳ ಜಾಲದ ವಿಷಯದಲ್ಲಿ ಅವರ ಬಳಿ ಪ್ರಮೇಯ ಇರಲಿಲ್ಲ. ಅದೂ ಬಂಜೆಯಾದೀತು ಎಂಬ ಅಂದಾಜು ಮಾತ್ರ ಇತ್ತು. ಪುಸ್ತಕವೇ ಕ್ಷೇತ್ರವನ್ನು ಕೊಂದಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಲ್ಲಬೇಕಾದಷ್ಟು ಬಲವಾದ ಕಾರಣ ಒಳಗೇ ಇತ್ತು.

ಆ ಕಾರಣ ಇದು. ಮಾರ್ಕ್ 1ಕ್ಕೂ ನಡುವಣ ಪದರ ಇತ್ತು ಎಂದೆನಲ್ಲ. ಆದರೆ ಕಣ್ಣಿನಿಂದ ಆ ಪದರಕ್ಕೆ ಹೋಗುವ ತಂತಿಗಳ ಜೋಡಣೆ ಕಲಿಕೆಯಲ್ಲಿ ಬದಲಾಗುತ್ತಿರಲಿಲ್ಲ. ಕಲಿಯುತ್ತಿದ್ದದ್ದು ಕೊನೆಯ ಪದರದ ತೂಕಗಳು ಮಾತ್ರ, ಯಾಕೆಂದರೆ ಸರಿಯಾದ ಉತ್ತರ ಏನೆಂದು ಗೊತ್ತಿರುವುದು ಕೊನೆಯ ಘಟಕಗಳಿಗೆ ಮಾತ್ರ. ನಡುವಣ ಘಟಕ ಏನು ಹೇಳಬೇಕಿತ್ತು? ಯಾವ ಶಿಕ್ಷಕನೂ ಹೇಳಲಾರ. ರೋಸೆನ್‌ಬ್ಲಾಟ್ 1962ರ ಹೊತ್ತಿಗೇ ತಪ್ಪನ್ನು ಹಿಂದಕ್ಕೆ ಸಾಗಿಸುವ ತಿದ್ದುಪಡಿಯ ಬಗ್ಗೆ ಬರೆದಿದ್ದರು, ಹೆಸರನ್ನೂ ಇಟ್ಟಿದ್ದರು. ಆದರೆ ಅವರ ಘಟಕಗಳು 0 ಅಥವಾ 1 ಎನ್ನುವ ಹೊಸ್ತಿಲಿನವು. ಒಳಗಿನ ಒಂದು ತೂಕವನ್ನು ಒಂದಿಷ್ಟು ಅಲುಗಿಸಿ: ಬಹುತೇಕ ಸಲ ಕೊನೆಯ ಉತ್ತರದಲ್ಲಿ ಏನೂ ಬದಲಾಗುವುದಿಲ್ಲ. ಇನ್ನೂ ಅಲುಗಿಸಿ: ಇದ್ದಕ್ಕಿದ್ದಂತೆ 0 ಹೋಗಿ 1. ಇಳಿಜಾರೇ ಇಲ್ಲದ ಬಯಲು, ನಡುವೆ ಒಂದು ಪ್ರಪಾತ. ಯಾವ ಕಡೆಗೆ ಸರಿಯಬೇಕೆಂದು ತಿಳಿಯುವ ದಾರಿಯೇ ಇಲ್ಲ.

ಪರಿಹಾರ ಬೇರೆ ಬೇರೆ ಮನೆಗಳಲ್ಲಿ, ಒಬ್ಬರಿಗೊಬ್ಬರು ತಿಳಿಯದೆ, ತುಂಡುತುಂಡಾಗಿ ಬೆಳೆಯಿತು. 1960ರ ಆಸುಪಾಸಿನಲ್ಲಿ ಹೆನ್ರಿ ಕೆಲ್ಲಿ ಮತ್ತು ಆರ್ಥರ್ ಬ್ರೈಸನ್ ಹಾರಾಟದ ಪಥ ಲೆಕ್ಕ ಹಾಕಲು ಇದೇ ಗಣಿತ ಬಳಸಿದರು. 1967ರಲ್ಲಿ ಜಪಾನಿನ ಶುನ್‌ಇಚಿ ಅಮಾರಿ ಪದರಗಳ ಜಾಲಕ್ಕೆ ಇಳಿಜಾರು ಹಿಡಿದು ಕಲಿಸುವ ವಿಧಾನ ಬರೆದರು. 1970ರಲ್ಲಿ ಹೆಲ್ಸಿಂಕಿಯಲ್ಲಿ ಸೆಪ್ಪೊ ಲಿನ್ನೈನ್ಮಾ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ, ಯಾವುದೇ ಲೆಕ್ಕದ ಅವಕಲನವನ್ನು ಕೊನೆಯಿಂದ ಮೊದಲಿನ ಕಡೆಗೆ ನಡೆದು ಅಗ್ಗದಲ್ಲಿ ಪಡೆಯುವ ಕ್ರಮವನ್ನು ಕೊಟ್ಟರು. ಅವರ ಚಿಂತೆ ಕಂಪ್ಯೂಟರು ದಶಮಾಂಶಗಳನ್ನು ಮೊಟಕುಗೊಳಿಸುವಾಗ ಆಗುವ ದೋಷಗಳದ್ದು, ನರಜಾಲದ್ದಲ್ಲ. 1974ರಲ್ಲಿ ಹಾರ್ವರ್ಡಿನ ಪಾಲ್ ವೆರ್ಬೊಸ್ ಡಾಕ್ಟರೇಟ್ ಪ್ರಬಂಧ ಬರೆದರು. ಇವು ಯಾವುವೂ ಸುದ್ದಿಯಾಗಲಿಲ್ಲ. 1986ರಲ್ಲಿ ಡೇವಿಡ್ ರುಮೆಲ್‌ಹಾರ್ಟ್, ಜೆಫ್ರಿ ಹಿಂಟನ್, ರೊನಾಲ್ಡ್ ವಿಲಿಯಮ್ಸ್ 'ನೇಚರ್' ಪತ್ರಿಕೆಯಲ್ಲಿ ಬರೆದ ನಾಲ್ಕು ಪುಟ ಸುದ್ದಿಯಾಯಿತು. ಗಣಿತ ಹೊಸದಾಗಿರಲಿಲ್ಲ. ನಡುವಣ ಘಟಕಗಳು ಏನನ್ನು ಕಲಿತವು ಎಂದು ತೆರೆದು ತೋರಿಸಿದ್ದು ಹೊಸದು.

ಬ್ಯಾಕ್‌ಪ್ರೊಪಗೇಶನ್ ಎಂಬ ಆ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಹೇಳುತ್ತೇನೆ. ಮೊದಲ ಕೆಲಸ, ಹೊಸ್ತಿಲಿನ ಬದಲು ನುಣುಪಾದ ಏರಿಕೆ ಇಡಿ: ಮೊತ್ತ ಏರಿದಂತೆ ಉತ್ತರ 0ಯಿಂದ 1ರ ಕಡೆಗೆ ನಿಧಾನವಾಗಿ ಬಾಗುವ ಸಿಗ್ಮಾಯ್ಡ್ ವಕ್ರರೇಖೆ. ಆಮೇಲೆ ಮಾದರಿಯೊಂದನ್ನು ಒಳಗೆ ಬಿಟ್ಟು ಪದರ ಪದರವಾಗಿ ಮುಂದಕ್ಕೆ ಲೆಕ್ಕ ಹಾಕಿ, ಪ್ರತಿ ಘಟಕದ ಉತ್ತರವನ್ನೂ ನೆನಪಿನಲ್ಲಿಡಿ. ಕೊನೆಯಲ್ಲಿ ತಪ್ಪನ್ನು ಅಳೆಯಿರಿ. ಈಗ ಹಿಂದಕ್ಕೆ ತಿರುಗಿ. ನಡುವಣ ಘಟಕವೊಂದರ ಹೊಣೆ ಎಷ್ಟು? ಅದು ಯಾರು ಯಾರಿಗೆ ಸಂಕೇತ ಕಳಿಸಿತ್ತೋ ಅವರೆಲ್ಲರ ಹೊಣೆಯನ್ನು ಆಯಾ ಕೊಂಡಿಯ ತೂಕದಿಂದ ಗುಣಿಸಿ ಕೂಡಿ, ಬಂದದ್ದನ್ನು ಆ ಘಟಕದ ವಕ್ರರೇಖೆಯ ಆ ಬಿಂದುವಿನ ಇಳಿಜಾರಿನಿಂದ ಗುಣಿಸಿ. ಹೀಗೆ ಮೊದಲ ಪದರದವರೆಗೆ. ಕೊನೆಗೆ ಪ್ರತಿ ತೂಕವನ್ನೂ, ಅದರ ಮುಂದಿನ ಘಟಕದ ಹೊಣೆ ಮತ್ತು ಹಿಂದಿನ ಘಟಕದ ಸಂಕೇತ ಇವೆರಡರ ಗುಣಲಬ್ಧದಷ್ಟು, ಒಂದು ಚಿಕ್ಕ ಗುಣಕ ಹಾಕಿ, ತಪ್ಪು ಇಳಿಯುವ ಕಡೆಗೆ ಸರಿಸಿ. ಕಲನಶಾಸ್ತ್ರದ ಸರಪಳಿ ನಿಯಮದ ಆಚೆ ಇದರಲ್ಲಿ ಏನೂ ಇಲ್ಲ.

ಹಾಗಾದರೆ ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವೆಚ್ಚ. ಆರು ಕೋಟಿ ತೂಕಗಳ ಜಾಲದಲ್ಲಿ ಒಂದೊಂದನ್ನೇ ಅಲುಗಿಸಿ ತಪ್ಪು ಎಷ್ಟು ಬದಲಾಯಿತೆಂದು ನೋಡುವುದಾದರೆ, ಒಂದು ಹೆಜ್ಜೆ ಕಲಿಯಲು ಜಾಲವನ್ನು ಆರು ಕೋಟಿ ಸಲ ಓಡಿಸಬೇಕು. ಹಿಂದಕ್ಕೆ ನಡೆಯುವ ಕ್ರಮದಲ್ಲಿ ಎಲ್ಲ ತೂಕಗಳ ಪಾಲೂ ಸುಮಾರು ಮೂರು ಓಟದ ಶ್ರಮದಲ್ಲಿ ಸಿಗುತ್ತದೆ. ಬೆಲೆ ತೆರುವುದು ಮೆಮೊರಿಯಲ್ಲಿ: ಮುಂದಕ್ಕೆ ಹೋಗುವಾಗಿನ ಉತ್ತರಗಳನ್ನೆಲ್ಲ ಹಿಂದಿರುಗುವವರೆಗೆ ಕಾಪಿಡಬೇಕು. ಇಂದು ತರಬೇತಿಯ ನಡುವೆ ಮೆಮೊರಿ ಸಾಲದೆ ಪ್ರೋಗ್ರಾಂ ನಿಂತರೆ, ಎಷ್ಟೋ ಸಲ ಜಾಗ ತಿಂದದ್ದು ತೂಕಗಳಲ್ಲ, ಈ ಕಾಪಿಟ್ಟ ಉತ್ತರಗಳು. ಅಲುಗಿಸಿ ನೋಡುವ ಹಳೆಯ ವಿಧಾನ ಸತ್ತಿಲ್ಲ, ಬಿಡಿ. ಹೊಸ ಪದರವೊಂದರ ಅವಕಲನವನ್ನು ಕೈಯಿಂದ ಬರೆದವರು ತಮ್ಮ ಲೆಕ್ಕ ಸರಿಯೇ ಎಂದು ತಾಳೆ ನೋಡುವುದು ಅದರಿಂದಲೇ. ತೂಕವನ್ನು ಲಕ್ಷದಲ್ಲೊಂದು ಭಾಗದಷ್ಟು ಎರಡೂ ಕಡೆ ಸರಿಸಿ ವ್ಯತ್ಯಾಸ ತೆಗೆಯಬೇಕು; 64 ಬಿಟ್ ಸಂಖ್ಯೆಗಳಲ್ಲಿ ಮಾಡಬೇಕು. 32 ಬಿಟ್‌ನಲ್ಲಿ ಆ ಚಿಕ್ಕ ವ್ಯತ್ಯಾಸ ದಶಮಾಂಶ ದೋಷದಲ್ಲೇ ಮುಳುಗಿಹೋಗುತ್ತದೆ.

1986ರ ಪ್ರಬಂಧದ ಒಂದು ಪ್ರಯೋಗ ನನಗೆ ಬಹಳ ಪ್ರಿಯ. ಆರು ಸಂಕೇತಗಳ ಸಾಲು ಕೊಡುತ್ತಾರೆ. ಅದು ನಡುಗೆರೆಯ ಎರಡೂ ಬದಿಗೆ ಕನ್ನಡಿಯಂತೆ ಹೊಂದುತ್ತದೆಯೇ ಎಂದು ಹೇಳಬೇಕು. ನಡುವೆ ಎರಡೇ ಘಟಕ. ಒಟ್ಟು 64 ಸಾಲುಗಳು ಸಾಧ್ಯ, ಅವನ್ನೆಲ್ಲ 1,425 ಸಲ ತೋರಿಸಿದ ಮೇಲೆ ಜಾಲ ಕಲಿತಿತು. ಹೇಗೆ ಕಲಿತಿತು ನೋಡಿ. ನಡುಗೆರೆಯಿಂದ ಸಮದೂರದಲ್ಲಿರುವ ಎರಡು ಸಂಕೇತಗಳಿಗೆ ಸಮಾನ ಗಾತ್ರದ, ವಿರುದ್ಧ ಚಿಹ್ನೆಯ ತೂಕಗಳು. ಸಾಲು ಹೊಂದಿಕೆಯಾದರೆ ಎಲ್ಲವೂ ಒಂದನ್ನೊಂದು ಕಳೆದು ಮೊತ್ತ ಸೊನ್ನೆ, ಎರಡೂ ನಡುವಣ ಘಟಕಗಳು ಸುಮ್ಮನೆ. ಇನ್ನೂ ಚೆಂದದ್ದು, ಒಂದೇ ಬದಿಯ ಮೂರು ತೂಕಗಳ ಅನುಪಾತ 1:2:4. ಯಾಕೆ? 1, 2, 4ನ್ನು ಕೂಡಿ ಬರುವ ಎಂಟು ಮೊತ್ತಗಳಲ್ಲಿ ಯಾವ ಎರಡೂ ಒಂದೇ ಅಲ್ಲ. ಹಾಗಾಗಿ ಹೊಂದದ ಎಡ, ಬಲಗಳು ಅಕಸ್ಮಾತ್ತಾಗಿ ಒಂದನ್ನೊಂದು ಕಳೆದುಕೊಂಡು ಮೋಸ ಮಾಡಲಾರವು. ಎರಡನೆಯ ಘಟಕದ್ದು ಇದೇ ತೂಕ, ಚಿಹ್ನೆ ತಿರುವುಮುರುವು. ಎಡ ಹೆಚ್ಚಾದರೆ ಒಂದು ಎಚ್ಚರಗೊಳ್ಳುತ್ತದೆ, ಬಲ ಹೆಚ್ಚಾದರೆ ಇನ್ನೊಂದು. ದ್ವಿಮಾನ ಪದ್ಧತಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆರಂಭದ ತೂಕಗಳನ್ನು ಅವರು -0.3ರಿಂದ 0.3ರವರೆಗೆ ಯಾದೃಚ್ಛಿಕವಾಗಿ ಹಾಕಿದ್ದರು. ಇದು ಅಲಂಕಾರವಲ್ಲ. ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಶುರುಮಾಡಿದರೆ ನಡುವಣ ಘಟಕಗಳಿಗೆಲ್ಲ ಒಂದೇ ಹೊಣೆ ಬರುತ್ತದೆ, ಒಂದೇ ತಿದ್ದುಪಡಿ ಬರುತ್ತದೆ. ಸಾವಿರ ಘಟಕ ಇಟ್ಟರೂ ಒಂದೇ ಘಟಕದಂತೆ ನಡೆಯುತ್ತವೆ, ಕೊನೆಯವರೆಗೂ.

ಚಿತ್ರ ಗುರುತಿಸುವ ಜಾಲಗಳ ಕವಲು ಬೇರೆಡೆಯಿಂದ ಬಂತು. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ದೃಷ್ಟಿ ಕೋಶಗಳ ಮೇಲೆ ಮಾಡಿದ ಕೆಲಸದಿಂದ ಪ್ರೇರಿತರಾಗಿ ಕುನಿಹಿಕೊ ಫುಕುಶಿಮಾ 1980ರಲ್ಲಿ ನಿಯೊಕಾಗ್ನಿಟ್ರಾನ್ ಕಟ್ಟಿದರು. ಅದಕ್ಕೆ ರೂಪ ಸರಿಯಿತ್ತು, ಹಿಂದಕ್ಕೆ ಹೊಣೆ ಸಾಗಿಸುವ ಕ್ರಮ ಇರಲಿಲ್ಲ. ಎರಡನ್ನೂ ಸೇರಿಸಿ 1989ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಯಾನ್ ಲೆಕುನ್ ಮತ್ತು ಸಂಗಡಿಗರು ಅಂಚೆ ಲಕೋಟೆಗಳ ಮೇಲಿನ ಕೈಬರಹದ ಪಿನ್ ಅಂಕಿಗಳನ್ನು ಓದಿಸಿದರು. 1998ರ ಲೆನೆಟ್-5ರ ಮೊದಲ ಪದರದ ಲೆಕ್ಕ ನೋಡಿ. 32ಕ್ಕೆ 32 ಚುಕ್ಕೆಯ ಚಿತ್ರ, ಅದರ ಮೇಲೆ ಜಾರುವ 5ಕ್ಕೆ 5ರ ಆರು ಜರಡಿಗಳು. ಒಂದು ಜರಡಿಗೆ 25 ತೂಕ, ಜೊತೆಗೆ 1 ಹೊಸ್ತಿಲು, ಆರಕ್ಕೆ 156. ಇದೇ 4,704 ಘಟಕಗಳನ್ನು ಎಲ್ಲ 1,024 ಚುಕ್ಕೆಗಳಿಗೂ ನೇರ ಜೋಡಿಸಿದ್ದರೆ ನಲವತ್ತೆಂಟು ಲಕ್ಷಕ್ಕೂ ಹೆಚ್ಚು ತೂಕ ಬೇಕಿತ್ತು. ಹೊಣೆಯ ದೃಷ್ಟಿಯಿಂದಲೂ ಇದು ಲಾಭ: ಒಂದೇ ತೂಕಕ್ಕೆ ಚಿತ್ರದ 784 ಜಾಗಗಳಿಂದ ದೂರು ಬರುತ್ತದೆ, ಎಲ್ಲವನ್ನೂ ಕೂಡಿಯೇ ಅದು ಸರಿಯುತ್ತದೆ.

ಇಷ್ಟೆಲ್ಲ ಇದ್ದೂ ತೊಂಬತ್ತರ ದಶಕದಲ್ಲಿ ಜನ ನರಜಾಲಗಳಿಂದ ದೂರ ಸರಿದರು, ಸಪೋರ್ಟ್ ವೆಕ್ಟರ್ ಯಂತ್ರ ಎಂಬ ಬೇರೊಂದು ಕಲಿಕಾ ವಿಧಾನದತ್ತ ಹೋದರು. ಎರಡು ಮೂರು ಪದರ ದಾಟಿದರೆ ಜಾಲ ಕಲಿಯುತ್ತಿರಲಿಲ್ಲ. ಯಾಕೆಂದು 1991ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಸೆಪ್ ಹೋಕ್‌ರೈಟರ್ ತಮ್ಮ ಡಿಪ್ಲೊಮಾ ಪ್ರಬಂಧದಲ್ಲಿ ವಿವರಿಸಿದರು. ಸಿಗ್ಮಾಯ್ಡಿನ ಇಳಿಜಾರು ಅತಿ ಕಡಿದಾದ ಬಿಂದುವಿನಲ್ಲೂ 0.25 ಮಾತ್ರ. ಹಿಂದಕ್ಕೆ ಬರುವಾಗ ಪ್ರತಿ ಪದರದಲ್ಲೂ ಇದರಿಂದ ಗುಣಿಸಬೇಕು. ತೂಕಗಳು 1ರ ಆಸುಪಾಸಿನಲ್ಲಿವೆ ಎಂದರೂ, ಹತ್ತು ಪದರ ದಾಟುವಷ್ಟರಲ್ಲಿ ಹೊಣೆ ಹೆಚ್ಚೆಂದರೆ 10,48,576ರಲ್ಲಿ ಒಂದು ಪಾಲು. ಮೊದಲ ಪದರಗಳಿಗೆ ತಾವು ತಪ್ಪು ಮಾಡಿದ್ದು ಗೊತ್ತಾಗುವುದೇ ಇಲ್ಲ, ಹುಟ್ಟಿದಾಗಿನ ಯಾದೃಚ್ಛಿಕ ತೂಕಗಳಲ್ಲೇ ಕೂತಿರುತ್ತವೆ. ತೂಕ ದೊಡ್ಡದಾದರೆ ತದ್ವಿರುದ್ಧ: ಹೊಣೆ ಸ್ಫೋಟಿಸಿ ಒಂದೇ ಹೆಜ್ಜೆಯಲ್ಲಿ ತೂಕಗಳೆಲ್ಲ ಚೆಲ್ಲಾಪಿಲ್ಲಿ. ಸ್ಫೋಟಕ್ಕೆ ಮದ್ದು ಸುಲಭ, ಹೊಣೆಗಳ ಒಟ್ಟು ಗಾತ್ರ ಒಂದು ಮಿತಿ ದಾಟಿದರೆ ಎಲ್ಲವನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸುವುದು. ಕಾಣೆಯಾಗುವುದಕ್ಕೆ ಅಂಥ ಮದ್ದಿಲ್ಲ. ಬಾರದೆ ಹೋದದ್ದನ್ನು ಹಿಗ್ಗಿಸುವುದು ಹೇಗೆ?

ಹೋಕ್‌ರೈಟರ್ ಮತ್ತು ಅವರ ಗುರು ಯುರ್ಗನ್ ಶ್ಮಿಡ್‌ಹೂಬರ್ 1997ರಲ್ಲಿ ಕೊಟ್ಟ ಎಲ್‌ಎಸ್‌ಟಿಎಂ ಇದಕ್ಕೆ ಮೊದಲ ಗಟ್ಟಿ ಉತ್ತರ. ಪದ ಪದವಾಗಿ ಸಾಗುವ ಜಾಲದಲ್ಲಿ ಪ್ರತಿ ಪದವೂ ಒಂದು ಪದರವಿದ್ದಂತೆ. ಅಲ್ಲಿ ನೆನಪಿನ ಕೋಶವನ್ನು ಪ್ರತಿ ಹೆಜ್ಜೆಯಲ್ಲೂ ಗುಣಿಸಿ ಬದಲಾಯಿಸದೆ, ಹಳೆಯದಕ್ಕೆ ಹೊಸದನ್ನು ಕೂಡಿಸುವಂತೆ ಮಾಡಿದರು. ಕೂಡುವಿಕೆಯಲ್ಲಿ ಹೊಣೆ ಕುಗ್ಗದೆ ಹಿಂದಕ್ಕೆ ಹೋಗುತ್ತದೆ. ಏನನ್ನು ಒಳಬಿಡಬೇಕು, ಏನನ್ನು ಹೊರಗೆ ತೋರಿಸಬೇಕು ಎಂಬುದಕ್ಕೆ ಗೇಟುಗಳು. ಸಾವಿರ ಹೆಜ್ಜೆ ಹಿಂದಿನ ಕಾರಣವನ್ನೂ ಅದು ಹಿಡಿಯಬಲ್ಲದು ಎಂದು ತೋರಿಸಿದರು. ಮರೆಯುವ ಗೇಟು ಮೊದಲ ಆವೃತ್ತಿಯಲ್ಲಿ ಇರಲಿಲ್ಲ, ಎರಡು ಮೂರು ವರ್ಷದ ನಂತರ ಶ್ಮಿಡ್‌ಹೂಬರ್ ಅವರು ಫೆಲಿಕ್ಸ್ ಗೆರ್ಸ್ ಜೊತೆಗೂಡಿ ಸೇರಿಸಿದ್ದು. ಆ ಗೇಟಿನ ಬಯಾಸನ್ನು, ಅಂದರೆ ಮೊತ್ತಕ್ಕೆ ಕೂಡಿಸುವ ಸಂಖ್ಯೆಯನ್ನು, ಆರಂಭದಲ್ಲಿ 1 ಇಡಬೇಕು ಎಂಬ ಕಿವಿಮಾತಿನ ಕಾರಣವೂ ಇದೇ: ಗೇಟು ಅರೆತೆರೆದು ಶುರುವಾದರೆ ಪ್ರತಿ ಹೆಜ್ಜೆಗೂ ಅರ್ಧ ಹೊಣೆ ಸೋರಿಹೋಗಿ, ಕಲಿಯುವ ಮೊದಲೇ ಎಲ್ಲ ಮರೆತಿರುತ್ತದೆ.

2006ರಲ್ಲಿ ಹಿಂಟನ್ ಬಳಗ ಬೇರೆ ಉಪಾಯ ಹೂಡಿತು. ಹೊಣೆ ಆಳಕ್ಕೆ ಇಳಿಯದಿದ್ದರೆ ಇಳಿಸುವುದೇ ಬೇಡ. ಒಂದೊಂದು ಪದರಕ್ಕೂ ಕೆಳಗಿನ ಪದರವನ್ನು ಮರುರಚಿಸುವ ಕೆಲಸ ಕೊಟ್ಟು ಬೇರೆ ಬೇರೆಯಾಗಿ ಕಲಿಸಿ, ಕೊನೆಗೆ ಒಟ್ಟಿಗೆ ತಿದ್ದುವುದು. 'ಆಳ' ಎಂಬ ಮಾತಿಗೆ ಮತ್ತೆ ಮರ್ಯಾದೆ ಬಂದದ್ದು ಇಲ್ಲಿಂದ. ತಮಾಷೆಯೆಂದರೆ ಕೆಲವೇ ವರ್ಷಗಳಲ್ಲಿ ಅದು ಬೇಕಿಲ್ಲವೆಂದಾಯಿತು. ಆರಂಭದ ತೂಕಗಳ ಹರವನ್ನು ಸರಿಯಾಗಿ ಆರಿಸಿದರೆ ಸಾಕು ಎಂದು 2010ರಲ್ಲಿ ಝೇವಿಯರ್ ಗ್ಲೋರೊ ಮತ್ತು ಯೋಶುವಾ ಬೆಂಜಿಯೊ ತೋರಿಸಿದರು. ಅದೇ ಹೊತ್ತಿಗೆ ಸಿಗ್ಮಾಯ್ಡ್ ಹೋಗಿ ರೆಲು ಬಂತು: ಮೊತ್ತ ಋಣವಾದರೆ 0, ಧನವಾದರೆ ಇದ್ದಹಾಗೆ. ಅದರ ಇಳಿಜಾರು 0 ಅಥವಾ 1, ಹಾಗಾಗಿ ಉರಿಯುವ ದಾರಿಯಲ್ಲಿ ಹೊಣೆ ಕುಗ್ಗುವುದಿಲ್ಲ. ರೆಲುವಿಗೆ ಹೊಂದುವ ಆರಂಭಿಕ ಹರವನ್ನು 2015ರಲ್ಲಿ ಕೈಮಿಂಗ್ ಹೆ ಬಳಗ ಕೊಟ್ಟಿತು: ಒಳಬರುವ ಕೊಂಡಿಗಳ ಸಂಖ್ಯೆಯಿಂದ 2ನ್ನು ಭಾಗಿಸಿ ವರ್ಗಮೂಲ ತೆಗೆಯಿರಿ. 512 ಕೊಂಡಿಯಾದರೆ 0.0625. ರೆಲುವಿನ ರೋಗವೂ ಗೊತ್ತಿರಲಿ. ಕಲಿಕೆಯ ಗುಣಕ ದೊಡ್ಡದಾಗಿ ಒಂದು ಹೆಜ್ಜೆ ಜೋರಾಗಿ ಬಿದ್ದರೆ ಘಟಕ ಎಲ್ಲ ಮಾದರಿಗಳಿಗೂ ಋಣದಲ್ಲೇ ಸಿಕ್ಕಿಕೊಳ್ಳಬಹುದು. ಆಗ ಉತ್ತರ 0, ಇಳಿಜಾರು 0, ಹೊಣೆ 0. ಅದು ಮತ್ತೆ ಏಳುವುದು ಅಪರೂಪ. ಎಷ್ಟು ಘಟಕಗಳು ಒಟ್ಟಿಗೆ ಕೊಟ್ಟ ಮಾದರಿಗಳ ಇಡೀ ಬ್ಯಾಚಿಗೆ ಸೊನ್ನೆ ಕೊಡುತ್ತಿವೆ ಎಂದು ಆಗಾಗ ಎಣಿಸಿದರೆ ಇದು ಬೇಗ ಕಣ್ಣಿಗೆ ಬೀಳುತ್ತದೆ.

2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆ ಗೆದ್ದ ಅಲೆಕ್ಸ್‌ನೆಟ್ ಜಾಲದ ಬಗ್ಗೆ ನೀವು ಕೇಳಿಯೇ ಇರುತ್ತೀರಿ, ಬೇಗ ದಾಟುತ್ತೇನೆ. ಫೈಫೈ ಲೀ ಬಳಗದ ಇಮೇಜ್‌ನೆಟ್‌ನಿಂದ ಹನ್ನೆರಡು ಲಕ್ಷ ಚಿತ್ರ, ಸಾವಿರ ವರ್ಗ. ಆರು ಕೋಟಿ ತೂಕ. 3 ಜಿಬಿ ಮೆಮೊರಿಯ ಎರಡು ಜಿಟಿಎಕ್ಸ್ 580 ಗ್ರಾಫಿಕ್ಸ್ ಕಾರ್ಡು. ಐದಾರು ದಿನದ ಓಟ. ಐದು ಊಹೆಗಳಲ್ಲಿ ಒಂದೂ ಸರಿಯಿಲ್ಲದ ಪ್ರಮಾಣ 15.3%, ಎರಡನೆಯ ಸ್ಥಾನದವರದ್ದು 26.2%. ಇಲ್ಲಿ ನನ್ನ ಎಳೆ ಸಾಲದು ಎಂದು ಒಪ್ಪಲೇಬೇಕು: ಗೆಲುವಿನ ದೊಡ್ಡ ಪಾಲು ದತ್ತಾಂಶದ್ದು, ಕಾರ್ಡುಗಳದ್ದು. ಆದರೆ ಆ ಕಾರ್ಡುಗಳಲ್ಲಿ ಐದಾರು ದಿನಕ್ಕೆ ಮುಗಿದದ್ದರಲ್ಲಿ ರೆಲುವಿನ ಪಾಲೂ ಇದೆ.

ಆಮೇಲೆ ಎಲ್ಲರೂ ಪದರ ಹೆಚ್ಚಿಸತೊಡಗಿದರು, ಮತ್ತೊಂದು ಗೋಡೆ ಎದುರಾಯಿತು. 2015ರಲ್ಲಿ ಹೆ ಬಳಗ ಸಾಧಾರಣ ಜಾಲವೊಂದನ್ನು 20 ಪದರದಿಂದ 56ಕ್ಕೆ ಏರಿಸಿದಾಗ, ಕಲಿಸಿದ ಚಿತ್ರಗಳ ಮೇಲೆಯೇ ತಪ್ಪು ಹೆಚ್ಚಿತು. ಕಂಠಪಾಠದ ದೋಷವಾಗಿದ್ದರೆ ಕಲಿಸಿದ ಚಿತ್ರಗಳಲ್ಲಿ ತಪ್ಪು ಇಳಿದು ಹೊಸ ಚಿತ್ರಗಳಲ್ಲಿ ಏರಬೇಕಿತ್ತು. ಇದು ಕಲಿಯಲಾರದ ದೋಷ. ಪರಿಹಾರ ಎಲ್‌ಎಸ್‌ಟಿಎಂನ ಹತ್ತಿರದ ಬಂಧು: ಪ್ರತಿ ಎರಡು ಮೂರು ಪದರಗಳ ಉತ್ತರಕ್ಕೆ ಅವುಗಳ ಒಳಗೆ ಹೋದದ್ದನ್ನೇ ಕೂಡಿಬಿಡಿ. ಪದರಗಳು ಏನೂ ಕಲಿಯದಿದ್ದರೂ ಸಂಕೇತ ಹಾಗೇ ದಾಟುತ್ತದೆ, ಹೊಣೆಯೂ ಹಾಗೇ ಹಿಂದಿರುಗುತ್ತದೆ. 152 ಪದರದ ರೆಸ್‌ನೆಟ್ ಕಲಿತಿತು. ಚಿಕ್ಕ ಚಿತ್ರಗಳ ಮೇಲೆ 1,202 ಪದರವನ್ನೂ ಕಲಿಸಿದರು. ಅಲ್ಲಿ ಹೊಸ ಚಿತ್ರಗಳ ಮೇಲಿನ ತಪ್ಪು 7.93%, 110 ಪದರದ ಜಾಲದ್ದು 6.43%. ಹೊಣೆ ತಲುಪುವುದು ಬೇರೆ, ಕಲಿತದ್ದು ಹೊರಗೆ ಉಪಯೋಗಕ್ಕೆ ಬರುವುದು ಬೇರೆ.

ಭಾಷೆಯ ಕಡೆ ಬನ್ನಿ. 2014ರಲ್ಲಿ ಇಲ್ಯಾ ಸುಟ್ಸ್‌ಕೆವರ್ ಮತ್ತು ಸಂಗಡಿಗರು ಎರಡು ಎಲ್‌ಎಸ್‌ಟಿಎಂ ಜೋಡಿಸಿ ಅನುವಾದ ಮಾಡಿಸಿದರು. ಅದರಲ್ಲೊಂದು ವಿಚಿತ್ರ ಕಂಡರು: ಮೂಲ ವಾಕ್ಯವನ್ನು ತಿರುಗುಮುರುಗಾಗಿ ಕೊಟ್ಟರೆ, ಅನುವಾದದ ಗುಣಮಟ್ಟ ಅಳೆಯುವ ಬ್ಲೂ ಅಂಕ 25.9ರಿಂದ 30.6ಕ್ಕೆ ಏರುತ್ತದೆ. ಯಾಕಿರಬಹುದು? ಮೂಲದ ಮೊದಲ ಪದ ಅನುವಾದದ ಮೊದಲ ಪದಕ್ಕೆ ಹತ್ತಿರವಾಗುತ್ತದೆ, ಹೊಣೆ ನಡೆಯಬೇಕಾದ ದಾರಿ ಗಿಡ್ಡವಾಗುತ್ತದೆ. ಅದೇ ವರ್ಷ ದ್ಮಿತ್ರಿ ಬಹದನಾವ್, ಚೊ, ಬೆಂಜಿಯೊ ಇಂಥ ಕಸರತ್ತನ್ನೇ ಬಿಟ್ಟು, ಪ್ರತಿ ಹೊಸ ಪದ ಬರೆಯುವಾಗಲೂ ಮೂಲದ ಯಾವ ಪದವನ್ನಾದರೂ ನೇರವಾಗಿ ತಿರುಗಿ ನೋಡುವ ಅಟೆನ್ಶನ್ ಸೇರಿಸಿದರು. 2017ರ ಟ್ರಾನ್ಸ್‌ಫಾರ್ಮರ್ ಸಾಲಾಗಿ ನಡೆಯುವ ಜಾಲವನ್ನೇ ತೆಗೆದುಹಾಕಿ ಅಟೆನ್ಶನ್ ಉಳಿಸಿಕೊಂಡಿತು. ಯಾವ ಎರಡು ಪದಗಳ ನಡುವೆಯೂ ಒಂದೇ ಹೆಜ್ಜೆ. ಅದಕ್ಕೆ ತೆತ್ತ ಬೆಲೆ, ಪದಗಳು ಇಮ್ಮಡಿಯಾದರೆ ಅಟೆನ್ಶನ್ ಲೆಕ್ಕ ನಾಲ್ಮಡಿ.

ಆ ಪ್ರಬಂಧದಲ್ಲಿ ಎಲ್ಲರೂ ನಕಲು ಮಾಡುವ, ಕೆಲವರೇ ಯೋಚಿಸುವ ಒಂದು ಭಾಗಾಕಾರ ಇದೆ. ಎರಡು ಪದಗಳ ಹೊಂದಾಣಿಕೆಯನ್ನು 64 ಸಂಖ್ಯೆಗಳ ಗುಣಲಬ್ಧ ಕೂಡಿ ಅಳೆದು, ಅದನ್ನು 8ರಿಂದ ಭಾಗಿಸುತ್ತಾರೆ. ಎಂಟು ಯಾಕೆ? ಒಂದರಷ್ಟು ವೇರಿಯನ್ಸ್ (ಹರವಿನ ಅಳತೆ) ಇರುವ 64 ಸ್ವತಂತ್ರ ಸಂಖ್ಯೆಗಳನ್ನು ಕೂಡಿದರೆ ಮೊತ್ತದ ವೇರಿಯನ್ಸ್ 64, ಅಂದರೆ ಮೊತ್ತ ಸುಮಾರು 8ರಷ್ಟು ಅತ್ತಿತ್ತ ತೂಗುತ್ತದೆ. ಭಾಗಿಸದೆ, ಅಂಕಗಳನ್ನು ಗಮನದ ಪಾಲುಗಳಾಗಿ ಹಂಚುವ ಸಾಫ್ಟ್‌ಮ್ಯಾಕ್ಸಿಗೆ ಕೊಟ್ಟರೆ ಒಂದೇ ಪದ ಎಲ್ಲ ಗಮನವನ್ನೂ ನುಂಗುತ್ತದೆ, ವಕ್ರರೇಖೆ ಚಪ್ಪಟೆಯಾದ ಜಾಗಕ್ಕೆ ಹೋಗಿ ಕೂರುತ್ತದೆ. ಇಳಿಜಾರಿಲ್ಲದಲ್ಲಿ ಹೊಣೆ ಹರಿಯುವುದಿಲ್ಲ. 1991ರ ರೋಗವೇ ವೇಷ ಬದಲಿಸಿ ಬಂದದ್ದು.

2020ರ ಜಿಪಿಟಿ-3ರಲ್ಲಿ ತೂಕಗಳು 17,500 ಕೋಟಿ. ಹೊಣೆ ಹಂಚುವ ಕ್ರಮ ಅದರಲ್ಲೂ 1986ರದ್ದೇ. ಇಲ್ಲೊಂದು ವಿಪರ್ಯಾಸ: 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾನ್ ಹಾಪ್‌ಫೀಲ್ಡ್, ಹಿಂಟನ್ ಇಬ್ಬರ ವಿಷಯದಲ್ಲೂ ಸಮಿತಿ ಎತ್ತಿ ಹೇಳಿದ ಕೆಲಸ, ಅಂದರೆ 1982ರ ಹಾಪ್‌ಫೀಲ್ಡ್ ಜಾಲ ಮತ್ತು ಬೋಲ್ಟ್ಸ್‌ಮನ್ ಯಂತ್ರ, ಹಿಂದಕ್ಕೆ ಹೊಣೆ ಸಾಗಿಸುವ ಈ ಕ್ರಮವನ್ನು ಬಳಸುವುದೇ ಇಲ್ಲ.

ಉಪನ್ಯಾಸದ ಕೊನೆಗೆ ಯಾವಾಗಲೂ ಬರುವ ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ಮೆದುಳೂ ಹೀಗೆಯೇ ಕಲಿಯುತ್ತದೆಯೇ? ಡಿಎನ್‌ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ 1989ರಲ್ಲೇ ಇದನ್ನು ಅನುಮಾನಿಸಿ ಬರೆದರು. ಹಿಂದಕ್ಕೆ ಬರುವ ಹೊಣೆಯನ್ನು ಮುಂದಕ್ಕೆ ಹೋದ ಅದೇ ತೂಕದಿಂದ ಗುಣಿಸಬೇಕಲ್ಲ. ನರತಂತು ಸಂಕೇತ ಸಾಗಿಸುವುದು ಒಂದೇ ದಿಕ್ಕಿಗೆ. ಮರಳುವ ದಾರಿಯ ಇನ್ನೊಂದು ತಂತುವಿಗೆ ಮೊದಲನೆಯದರ ತೂಕ ಎಷ್ಟೆಂದು ಹೇಳುವವರು ಯಾರು? 2016ರಲ್ಲಿ ಟಿಮತಿ ಲಿಲಿಕ್ರ್ಯಾಪ್ ಮತ್ತು ಸಂಗಡಿಗರು ಅಚ್ಚರಿಯ ಫಲಿತಾಂಶ ಪ್ರಕಟಿಸಿದರು. ಮರಳುವ ದಾರಿಯಲ್ಲಿ ಯಾದೃಚ್ಛಿಕ, ಎಂದೂ ಬದಲಾಗದ ತೂಕಗಳನ್ನು ಇಟ್ಟರೂ ಜಾಲ ಕಲಿಯುತ್ತದೆ. ಮುಂದಿನ ದಾರಿಯ ತೂಕಗಳೇ ನಿಧಾನವಾಗಿ ಮರಳುವ ದಾರಿಗೆ ಹೊಂದಿಕೊಂಡು ತಿರುಗುತ್ತವೆ. ಕೈಬರಹದ ಅಂಕಿಗಳಂಥ ಕೆಲಸಕ್ಕೆ ಇದು ಸಾಕಾಯಿತು. ಇಮೇಜ್‌ನೆಟ್ ಗಾತ್ರದ ಕೆಲಸಕ್ಕೆ ಒಡ್ಡಿದಾಗ ಬ್ಯಾಕ್‌ಪ್ರೊಪಗೇಶನ್‌ಗಿಂತ ಬಹಳ ಹಿಂದೆ ಬಿತ್ತು. ಮರಳುವ ದಾರಿಯೇ ಇಲ್ಲದೆ, ಎರಡು ಸಲ ಮುಂದಕ್ಕಷ್ಟೇ ಓಡಿಸಿ ಪ್ರತಿ ಪದರಕ್ಕೂ ಸ್ಥಳೀಯವಾಗಿ ಕಲಿಸುವ ವಿಧಾನವೊಂದನ್ನು 2022ರಲ್ಲಿ ಸೂಚಿಸಿದವರು ಬೇರೆ ಯಾರೂ ಅಲ್ಲ, 1986ರ ಪ್ರಬಂಧದ ಮೂವರಲ್ಲಿ ಒಬ್ಬರಾದ ಹಿಂಟನ್.